ಹಂಚಿನ ಹೆಂಗಸಿನ ಬಲಗೈ

ಹೆದ್ದಾರಿ ಅಗಲ ಮಾಡಲೆಂದು ಪೇಟೆಯ ಅರ್ಧಕ್ಕರ್ಧ ಅಂಗಡಿಗಳ ಮುಖ ಕೆಡವಿದ ವರ್ಷವೇ ಕುಂದಾಪುರದವರಿಗೆ ತಮ್ಮ ಊರಿಗೊಂದು ಚರಿತ್ರೆ ಇದೆಯೆಂಬುದು ನೆನಪಾಯಿತು. ೨೦೧೧ರ ಮಾತು. ಕಣ್ಣೆದುರಿಗೇ ಇದ್ದದ್ದೆಲ್ಲ ಜೆಸಿಬಿಯ ಬಾಯಿಗೆ ಹೋಗುವಾಗ ಏನನ್ನಾದರೂ ಉಳಿಸಿಕೊಳ್ಳಬೇಕು ಅನ್ನಿಸುವುದು ಸಹಜ. ಉಳಿಸಿಕೊಳ್ಳಬೇಕಾದ್ದನ್ನು ಬಿಟ್ಟು ಬೇರೇನನ್ನೋ ಉಳಿಸಿಕೊಳ್ಳುವುದೂ ಅಷ್ಟೇ ಸಹಜ. ಹೊಳೆಬದಿಯಲ್ಲಿ ಎಲ್ಲರೂ ಕಸ ತಂದು ಸುರಿಯುತ್ತಿದ್ದ ಒಂದು ಜಾಗವನ್ನು ಮಟ್ಟ ಮಾಡಿ, ಸುತ್ತ ಬೇಲಿ ಹಾಕಿ, ಊರಿಗೆ ಹೆಸರು ತಂದವರ ಮೂರ್ತಿಗಳನ್ನು ಸಾಲಾಗಿ ನಿಲ್ಲಿಸುವುದೆಂದು ಒಂದು ಸಮಿತಿ ಹುಟ್ಟಿಕೊಂಡಿತು.

ಮೊದಲು ಆರಿಸಿದ್ದು ನಾಲ್ವರನ್ನು. ಬಡವರಿಗೆ ಮದ್ದು ಕೊಟ್ಟ ಡಾಕ್ಟರು, ಶಾಲೆ ಕಟ್ಟಿಸಿದ ಮಾಸ್ತರರು, ಜಾಗಟೆ ಹಿಡಿದ ಭಾಗವತರು, ಹಾಯಿ ಹಡಗಿನಲ್ಲಿ ಹಂಚು ಹೇರಿಕೊಂಡು ಬೊಂಬಾಯಿಗೆ ಹೋಗಿ ಬರುತ್ತಿದ್ದ ತಾಂಡೇಲರು. ನಾಲ್ವರೂ ಗಂಡಸರು. ಕರಡು ಆಮಂತ್ರಣ ಪತ್ರಿಕೆ ಓದಿದ ಯಾರದೋ ಹೆಂಡತಿ, ಈ ಊರಿನಲ್ಲಿ ಹೆಂಗಸರು ಹುಟ್ಟಲೇ ಇಲ್ಲವೋ ಎಂದು ಕೇಳಿದಳಂತೆ. ಸಮಿತಿಗೆ ನಾಚಿಕೆಯಾಯಿತು. ತಲೆ ಕೆರೆದುಕೊಂಡು ನೋಡಿದರೆ ಹೆಸರು ಹೇಳಬಹುದಾದ ಹೆಂಗಸು ಒಬ್ಬಳೂ ನೆನಪಿಗೆ ಬರಲಿಲ್ಲ. ಕೊನೆಗೆ ಹಂಚಿನ ಕಾರ್ಖಾನೆಯಲ್ಲಿ ದುಡಿದ ಒಬ್ಬ ಹೆಂಗಸನ್ನು ನಿಲ್ಲಿಸುವುದೆಂದು ಆಯಿತು. ಅವಳಿಗೆ ಹೆಸರು ಬೇಡ. ಕಲ್ಲಿನ ಮೇಲೆ ‘ಹಂಚಿನ ಹೆಂಗಸು’ ಎಂದಿದ್ದರೆ ಸಾಕು.

ಸಮಿತಿಯ ಅಧ್ಯಕ್ಷ ಯೋಗೀಶ, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಈಗ ಬದುಕಿರುವವರಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಕೆಟ್ಟವರಿದ್ದಿದ್ದರೆ ಅವರ ಮೇಲೆ ಹರಿಹಾಯ್ದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

ಮೂರ್ತಿ ಮಾಡುವ ಕೆಲಸ ಸಾಲಿಗ್ರಾಮದ ಅನೂಪನಿಗೆ ಸಿಕ್ಕಿತು. ಮೈಸೂರಿನಲ್ಲಿ ಶಿಲ್ಪ ಕಲಿತು ಬಂದ ಹುಡುಗ. ಹಂಚಿನ ಹೆಂಗಸಿಗೆ ಅವನಿಗೊಂದು ಮುಖ ಬೇಕಿತ್ತು. ಬಸ್ರೂರಿನ ಹೊಳೆಬದಿಯಲ್ಲಿದ್ದ ಕಾರ್ಖಾನೆ ಬಾಗಿಲು ಹಾಕಿದ್ದು ೧೯೯೭ರಲ್ಲಿ. ಅಲ್ಲಿ ದುಡಿದವರಲ್ಲಿ ಹಲವರು ಸತ್ತಿದ್ದರು, ಹಲವರು ಮಕ್ಕಳ ಹಿಂದೆ ಬೊಂಬಾಯಿ ಸೇರಿದ್ದರು. ಕೇಳುತ್ತ ಕೇಳುತ್ತ ಅವನು ಗುಲಾಬಿಯ ಮನೆಗೆ ಬಂದು ಮುಟ್ಟಿದ.

ಗುಲಾಬಿಗೆ ಆಗ ಅರವತ್ತು. ಕಾರ್ಖಾನೆ ಮುಚ್ಚಿದ ಮೇಲೆ ಹತ್ತಿರದ ಅಂಗನವಾಡಿಯಲ್ಲಿ ಮಕ್ಕಳಿಗೆ ಅನ್ನ ಬೇಯಿಸಿ ಹಾಕುತ್ತಿದ್ದಳು. ಅವಳ ಬಲಗೈಯಲ್ಲಿ ಇದ್ದದ್ದು ಎರಡೇ ಬೆರಳು, ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರೂ ಬುಡದಿಂದ ಹೋಗಿದ್ದವು. ಅಂಗನವಾಡಿಗೆ ಹೊಸದಾಗಿ ಬಂದ ಮಕ್ಕಳು ಬೆರಳೆಲ್ಲಿ ಎಂದು ಕೇಳಿದರೆ, ಕಾಗೆ ಕೊಂಡುಹೋಯಿತು ಎನ್ನುತ್ತಿದ್ದಳು. ಮಕ್ಕಳು ಮಾಡಿನ ಮೇಲೆ ಕಾಗೆಯನ್ನು ಹುಡುಕುತ್ತಿದ್ದವು. ದೊಡ್ಡವರು ಕೇಳುತ್ತಿರಲಿಲ್ಲ. ಸೌದೆ ಕಡಿಯುವಾಗ ಕತ್ತಿ ತಾಗಿ ಹೋದದ್ದೆಂದು ಅವರಿಗೆಲ್ಲ ಗೊತ್ತಿತ್ತು. ಕತ್ತಿ ಹಿಡಿದ ಕೈಗೇ ಕತ್ತಿ ತಾಗುವುದು ಹೇಗೆಂದು ಮೂವತ್ತೆರಡು ವರ್ಷದಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆದವರು ಇದ್ದರೆ ಅವರು ಬಾಯಿ ಮುಚ್ಚಿಕೊಂಡಿದ್ದರು.

ನಡೆದದ್ದು ಇಷ್ಟು. ೧೯೭೯ರ ಮಳೆಗಾಲದ ಕೊನೆ. ಹಂಚು ಒತ್ತುವ ಯಂತ್ರದಲ್ಲಿ ಒಬ್ಬ ಹೆಂಗಸು ಕೆಳಗಿನ ಅಚ್ಚಿನ ಮೇಲೆ ಹದ ಮಾಡಿದ ಮಣ್ಣಿನ ಹಲ್ಲೆ, ಎಂದರೆ ಹಲಗೆಯಂಥ ಚಪ್ಪಟೆ ತುಂಡು, ಇಡಬೇಕು. ಒಬ್ಬ ಗಂಡಸು ಚಕ್ರ ತಿರುಗಿಸಬೇಕು. ಮೇಲಿನ ಅಚ್ಚು ಇಳಿದು ಒತ್ತಿ ಮೇಲೇಳಬೇಕು. ಹೆಂಗಸು ಹಸಿ ಹಂಚನ್ನು ತೆಗೆದು ಮರದ ಚೌಕಟ್ಟಿಗೆ ಸಾಗಿಸಬೇಕು. ಇದು ದಿನಕ್ಕೆ ಸಾವಿರ ಸಲ. ಆ ವಾರ ಎರಡು ಪಾಳಿ ಒಟ್ಟಿಗೆ ಮಾಡಿಸುತ್ತಿದ್ದರು. ಹಲ್ಲೆ ಓರೆಯಾಗಿ ಬಿದ್ದದ್ದನ್ನು ಸರಿ ಮಾಡಲು ಗುಲಾಬಿ ಕೈ ಇಟ್ಟಳು. ನಿದ್ದೆಗಣ್ಣಿನ ಗಂಡಸು ಚಕ್ರ ತಿರುಗಿಸಿದ. ಆ ದಿನದ ಒಂದು ಹಂಚಿನಲ್ಲಿ ಅವಳ ಮೂರು ಬೆರಳು ಹೋದವು.

ಮೂರನೆಯ ದಿನ ಆಸ್ಪತ್ರೆಗೆ ಮೇನೇಜರ್ ಶೀನಪ್ಪಯ್ಯ ಬಂದ. ಕಿತ್ತಳೆ ಹಣ್ಣು ತಂದಿದ್ದ. ಮಂಗಳೂರಿನಿಂದ ಇನ್ಸ್‌ಪೆಕ್ಟರು ಬರುವವರಿದ್ದಾರೆ, ಕಾರ್ಖಾನೆಯಲ್ಲಿ ಆದದ್ದೆಂದರೆ ಬೀಗ ಬೀಳುತ್ತದೆ, ಇನ್ನೂರು ಮನೆಯ ಗಂಜಿ ನಿಲ್ಲುತ್ತದೆ ಎಂದು ಮೆತ್ತಗೆ ಹೇಳಿದ. ಅವನ ಹಿಂದೆ ಗುಲಾಬಿಯ ಗಂಡ ತಿಮ್ಮ ತಲೆ ತಗ್ಗಿಸಿ ನಿಂತಿದ್ದ. ತಿಮ್ಮನ ಕೆಲಸವೂ ಅದೇ ಕಾರ್ಖಾನೆಯ ಹಂಚು ಸುಡುವ ಒಲೆಯಲ್ಲಿ. ಗುಲಾಬಿ ಒಪ್ಪಿದಳು. ಸೌದೆಯ ಕಥೆ ಕಟ್ಟಿದ್ದು ಶೀನಪ್ಪಯ್ಯನೇ.

ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಶೀನಪ್ಪಯ್ಯ ಈ ಮಣ್ಣಿನಲ್ಲೇ ಹುಟ್ಟಿದವನು. ಕಾಗದ ಇನ್ಸ್‌ಪೆಕ್ಟರಿಗೆ ಸಾಕು, ಊರಿನವರ ಬಾಯಿ ಕಟ್ಟಲು ಕಾಗದ ಸಾಲದು ಎಂಬುದು ಅವನಿಗೆ ಗೊತ್ತಿತ್ತು. ಕಾರ್ಖಾನೆಯ ಹಿಂದೆ ಹಾಯ್ಗುಳಿ ದೈವದ ಕಟ್ಟೆಯಿತ್ತು. ತಿಂಗಳು ಕಳೆದ ಮೇಲೆ ಗುಲಾಬಿಯನ್ನು ತಲೆಗೆ ಸ್ನಾನ ಮಾಡಿಸಿ, ಒದ್ದೆ ಬಟ್ಟೆಯಲ್ಲಿ ಅಲ್ಲಿ ನಿಲ್ಲಿಸಿದ. ಬೆರಳು ಹೋದದ್ದು ಮನೆಯಲ್ಲಿ, ಬೇರೆ ಮಾತು ನನ್ನ ಬಾಯಿಂದ ಬಂದರೆ ಹಾಯ್ಗುಳಿ ನನ್ನ ಮಕ್ಕಳನ್ನು ನೋಡಿಕೊಳ್ಳಲಿ ಎಂದು ಅವಳಿಂದ ಹೇಳಿಸಿದ. ಅವಳು ಹೇಳಿದಳು. ಹೇಳುವಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಯಿಂದಲೋ ಭಯದಿಂದಲೋ ಅವಳಿಗೇ ತಿಳಿಯಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಐದು ವರ್ಷದ ಮಗ ಸುಬ್ಬ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡ. ಆ ಮಳೆಗಾಲದಲ್ಲಿ ಜ್ವರದಿಂದ ಸತ್ತ ಮಕ್ಕಳು ಬಸ್ರೂರಿನಲ್ಲಿ ಇನ್ನೂ ಇದ್ದರು. ಆದರೆ ಬೇರೆ ತಾಯಂದಿರು ದೈವದ ಎದುರು ಸುಳ್ಳು ಹೇಳಿದವರಲ್ಲ. ಗುಲಾಬಿ ಎದೆ ಬಡಿದುಕೊಂಡು ಅತ್ತಳು, ಆದರೆ ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಸುಳ್ಳಾಣೆ ನಿಲ್ಲುತ್ತದೆ. ಎರಡು ಕಡೆಯಿಂದಲೂ ಅವಳನ್ನು ಕಟ್ಟಿಹಾಕಿತ್ತು.

ಆಣೆಯನ್ನು ಬಿಡಿಸಿಕೊಳ್ಳುವ ಕ್ರಮ ಇಲ್ಲದಿಲ್ಲ. ಆಣೆ ಹಾಕಿದವರು, ಹಾಕಿಸಿದವರು ಇಬ್ಬರೂ ಒಟ್ಟಿಗೆ ದೈವದ ಎದುರು ನಿಂತು ತಪ್ಪು ಕಾಣಿಕೆ ಇಟ್ಟು ಮಾತು ಹಿಂದೆ ತೆಗೆದುಕೊಳ್ಳಬೇಕು. ಶೀನಪ್ಪಯ್ಯ ೧೯೮೮ರಲ್ಲಿ ಮಗನ ಮನೆಯಲ್ಲಿ, ನಿದ್ದೆಯಲ್ಲೇ ಹೋದ. ಪುಣ್ಯವಂತನ ಸಾವು ಎಂದು ಊರು ಹೇಳಿತು. ದೈವ ಮೈಮೇಲೆ ಬರುವ ಪಾತ್ರಿಯ ಹತ್ತಿರ ಗುಲಾಬಿ ವಿಷಯ ಹೇಳದೆ ಸುಮ್ಮನೆ ಕೇಳಿ ನೋಡಿದ್ದಳು. ಇಬ್ಬರು ಸೇರಿ ಹಾಕಿದ ಗಂಟನ್ನು ಒಬ್ಬರು ಬಿಚ್ಚಲು ಆಗುವುದಿಲ್ಲ ಎಂದಿದ್ದ ಅವನು. ತಿಮ್ಮನೂ ಹೋದ ಮೇಲೆ ಈಗ ಅವಳಿಗೆ ಉಳಿದದ್ದು ಮಗಳು ಪುಷ್ಪ ಒಬ್ಬಳೇ. ಪುಷ್ಪನನ್ನು ಕಿರಿಮಂಜೇಶ್ವರಕ್ಕೆ ಕೊಟ್ಟು ಎಂಟು ವರ್ಷವಾಗಿತ್ತು. ಎರಡು ಸಲ ಹೊಟ್ಟೆ ನಿಂತು ಎರಡು ಸಲವೂ ನಾಲ್ಕನೆಯ ತಿಂಗಳಿಗೆ ಹೋಗಿತ್ತು.

ಅಂಥ ಹೊತ್ತಿನಲ್ಲಿ ಅನೂಪ ಅಂಗಳದಲ್ಲಿ ಬಂದು ನಿಂತು, ಅಕ್ಕ, ನಿಮ್ಮ ಮೂರ್ತಿ ಮಾಡಬೇಕು ಎಂದ.

“ನನ್ನ್ ಮೂರ್ತಿಯಾ? ತಲಿ ಸಮಾ ಇತ್ತಾ ನಿಂಗೆ?” ಗುಲಾಬಿಗೆ ನಗೆ ಬಂತು. “ಹೋಯ್ ಯಾರಾರೂ ಚಂದದವ್ರನ್ನ ಹುಡ್ಕ್ ಮಗ.”

“ಚಂದ ಬ್ಯಾಡ ಅಕ್ಕ. ಹಂಚ್ ಒತ್ತಿದವ್ರ್ ಬೇಕ್.”

ಯೋಗೀಶನ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಕೆಲಸ ಸುರುವಾಯಿತು. ಮೊದಲು ಮಣ್ಣಿನಲ್ಲಿ ಮಾಡಿ, ಅದಕ್ಕೆ ಅಚ್ಚು ತೆಗೆದು, ಆಮೇಲೆ ಸಿಮೆಂಟು ಎರೆಯುವುದು. ಅನೂಪ ಬಸ್ರೂರಿನ ಗದ್ದೆಯ ಜೇಡಿಮಣ್ಣನ್ನೇ ತರಿಸಿದ್ದ. ಅದರ ವಾಸನೆಗೆ ಗುಲಾಬಿಗೆ ಮೊದಲ ದಿನ ತಲೆ ಸುತ್ತು ಬಂತು. ಹದಿನಾಲ್ಕು ವರ್ಷದಿಂದ ಮೂಗಿಗೆ ಬೀಳದ ವಾಸನೆ.

ಮುಖ ಮುಗಿಯಲು ಎಂಟು ದಿನ ಹಿಡಿಯಿತು. ಒಂಬತ್ತನೆಯ ದಿನ ಅವನು, “ಯಂತ್ರದ್ ಎದ್ರ್ ಹ್ಯಾಂಗೆ ನಿಂತ್ಕಂತಿದ್ರಿ, ಒಂದ್ ಸಲ ನಿಂತ್ ತೋರ್ಸಿ ಕಾಂಬ” ಎಂದು ಒಂದು ಮೇಜನ್ನು ಎದುರಿಗೆ ಎಳೆದಿಟ್ಟ.

ಗುಲಾಬಿ ಎದ್ದಳು. ಕಾಲು ತಾನಾಗಿಯೇ ಅಗಲವಾಯಿತು, ಸೊಂಟ ಬಗ್ಗಿತು, ಎಡಗೈ ಮೇಜಿನ ಅಂಚು ಹಿಡಿಯಿತು. ಬಲಗೈ ಮುಂದೆ ಹೋಗಿ ಮೇಜಿನ ನಡುವೆ, ಓರೆಯಾದ ಏನನ್ನೋ ಸರಿ ಮಾಡುವಂತೆ ನಿಂತಿತು. ಅವಳು ಯೋಚನೆ ಮಾಡಿ ಹಾಗೆ ಇಟ್ಟದ್ದಲ್ಲ. ಅನೂಪ ಆ ಕೈಯನ್ನು ನೋಡಿದ. ಇಲ್ಲದ ಮೂರು ಬೆರಳು ಎಲ್ಲಿರಬೇಕಿತ್ತೋ ಆ ಜಾಗ ನೋಡಿದ. ಮೇಲಿನ ಅಚ್ಚು ಎಲ್ಲಿಂದ ಇಳಿಯುತ್ತದೆ ಎಂದು ತಲೆ ಎತ್ತಿ ನೋಡಿದ. ಅವನ ಮುಖ ಬದಲಾಯಿತು.

“ಅಕ್ಕ,” ಎಂದ ನಿಧಾನವಾಗಿ, “ಸೌದಿ ಕಡುವತ್ತಿಗ್ ಆದ್ದ್ ಅಂದ್ರಲೆ ಎಲ್ಲ?”

ಗುಲಾಬಿ ಕೈ ತೆಗೆಯಲಿಲ್ಲ. ಆಗಲೇ ಅವಳಿಗೆ ಹೊಳೆದದ್ದು. ಆಣೆ ಇರುವುದು ಬಾಯಿಗೆ. ಬೇರೆ ಮಾತು ಬಾಯಿಂದ ಬರಕೂಡದು ಎಂದು ಮಾತ್ರ. ಈ ಕೈ ಹೀಗೆಯೇ, ಯಂತ್ರದ ಮೇಲೆ, ಪೇಟೆಯ ನಡುವೆ ನಿಂತರೆ? ನೋಡಿದವನು ಈ ಹುಡುಗನಂತೆಯೇ ತಿಳಿದುಕೊಳ್ಳುತ್ತಾನೆ. ಮಾತು ಮುರಿಯದೆ ಸುಳ್ಳು ಅಳಿಯುತ್ತದೆ. ಹಾಯ್ಗುಳಿಗೂ ಇದಕ್ಕಿಂತ ಹೆಚ್ಚಿನ ತಪ್ಪು ಕಾಣಿಕೆ ಏನು ಬೇಕು?

“ನಾ ಎಂತದೂ ಹೇಳ್ಲಿಲ್ಲೆ,” ಎಂದಳು. “ನೀ ಕಂಡದ್ದ್ ಮಾಡ್ ಮಗ. ಕಂಡ್ ಹಾಂಗೇ ಮಾಡ್.”

ಅವನು ಹಾಗೆಯೇ ಮಾಡಿದ. ಹುಡುಗನ ಕೈಯಲ್ಲಿ ವಿದ್ಯೆ ಇತ್ತು. ಹೊಲಿಗೆ ಹಾಕಿದ ಚರ್ಮ ಗಂಟು ಕಟ್ಟಿದ್ದು, ಕಿರುಬೆರಳು ಒಂಟಿಯಾಗಿ ಹೊರಕ್ಕೆ ವಾಲಿದ್ದು ಎಲ್ಲವೂ ಮಣ್ಣಿನಲ್ಲಿ ಬಂತು. ಕೆಳಗೆ ಯಂತ್ರದ ಅಚ್ಚು, ಅದರ ಮೇಲೆ ಆ ಕೈ. ಗುಲಾಬಿ ದಿನಾ ಬಂದು ಅದನ್ನು ನೋಡಿ ಹೋಗುತ್ತಿದ್ದಳು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಸಮಾಧಾನದ ನಿದ್ದೆ ಬಂತು.

ಅದೇ ವಾರ ಪುಷ್ಪ ಫೋನು ಮಾಡಿದಳು. ಐದನೆಯ ತಿಂಗಳಂತೆ. ಈ ಸಲ ಹೆದರಿ ಯಾರಿಗೂ ಹೇಳಿರಲಿಲ್ಲವಂತೆ, ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದಾರಂತೆ. ಗುಲಾಬಿ ಫೋನು ಇಟ್ಟು ಅಂಗನವಾಡಿಯ ಅಡುಗೆಕೋಣೆಯ ನೆಲದ ಮೇಲೆಯೇ ಕೂತುಬಿಟ್ಟಳು. ಮಣ್ಣಿನಲ್ಲಿ ನಿಂತದ್ದಕ್ಕೇ ಹೀಗೆ, ಇನ್ನು ಸಿಮೆಂಟಿನಲ್ಲಿ ನಿಂತರೆ! ಅವಳಿಗೆ ಇನ್ನು ಯಾವ ಸಂಶಯವೂ ಉಳಿಯಲಿಲ್ಲ. ಮೂರ್ತಿಯ ಕೈ ಹಾಗೆಯೇ ನಿಲ್ಲಬೇಕು, ಮಗಳ ಹೊಟ್ಟೆಯೂ ನಿಲ್ಲುತ್ತದೆ.

ಸಮಿತಿಯವರು ಮಣ್ಣಿನ ಮೂರ್ತಿ ನೋಡಲು ಬಂದ ದಿನ ಗುಲಾಬಿಯೂ ಶೆಡ್ಡಿನಲ್ಲಿದ್ದಳು. ಯೋಗೀಶನ ಹಿಂದೆ ಇನ್ನಿಬ್ಬರಿದ್ದರು. ಯೋಗೀಶ ಮೂರ್ತಿಗೆ ಒಂದು ಸುತ್ತು ಹಾಕಿದ.

“ಹ್ವಾಯ್ ಅನೂಪ, ಮುಖ ಅಂದ್ರೆ ಇದ್ ಮುಖ ಕಾಣ್! ಗುಲಾಬಿ ಅಕ್ಕ, ನೀವ್ ಯಾರ್, ಮೂರ್ತಿ ಯಾರ್ ಗೊತ್ತಾತಿಲ್ಲೆ.” ಮೂರ್ತಿಯ ಎದುರಿಗೆ ಬಂದವನು ನಿಂತ. “ಈ ಕೈ ಎಂತ ಮಾರಾಯ, ಅರ್ಧಕ್ಕೇ ಬಿಟ್ಟದ್ದ್?”

“ಬಿಟ್ಟದ್ದಲ್ಲ ಯೋಗೀಶಣ್ಣ. ಇದ್ದದ್ದೇ ಹಾಂಗೆ.”

“ಅದ್ ಗೊತ್ತಿತ್ತ್. ಅಕ್ಕನ್ ಕೈ ಹಾಂಗೇ. ಆರೆ ಅಕ್ಕ ಮನ್ಷ್ರ್, ಇದ್ ಮೂರ್ತಿ. ಮನ್ಷ್ರಿಗ್ ಬೆರ್ಳಿಲ್ದಿರೂ ನಡಿತ್, ಮೂರ್ತಿಗ್ ನಡಿತಿಲ್ಲೆ. ಭಿನ್ನ ಆದ ಮೂರ್ತಿನ ಎಲ್ಲಾರೂ ನಿಲ್ಸ್ತ್ರಾ?”

“ಇದೇನ್ ದೇವ್ರ್ ಮೂರ್ತಿಯಾ?” ಅನೂಪನ ದನಿ ಏರಿತು.

“ಕಾಯ್ ಒಡಿತಿಲ್ಯಾ? ಹೂಂಗ್ ಹಾಕ್ತಿಲ್ಯಾ? ಭಟ್ರ್ ಬಂದ್ ಕುಂಕುಮ ಇಡ್ತಿಲ್ಯಾ? ನಾಳೆ ಈ ಹೊಳಿಲಿ ಒಂದ್ ದೋಣಿ ಮಗ್ಚಿರೆ, ಊನದ್ ಮೂರ್ತಿ ನಿಲ್ಸಿದ್ದಕ್ಕೇ ಆದ್ದ್ ಅಂಬ್ರ್ ಜನ. ನಾವ್ ಊರಂಗೆ ಬದ್ಕ್‌ಬೇಕ್ ಮಾರಾಯ.”

ಜತೆಗೆ ಬಂದ ಇಬ್ಬರೂ ಹೌದು ಹೌದೆಂದರು. ಅವರಿಗೆ ಆ ಕೈ ಯಂತ್ರದ ಮೇಲಿದ್ದದ್ದು ಕಾಣಲೇ ಇಲ್ಲ. ಮುಚ್ಚಿಡಬೇಕೆಂಬ ಉದ್ದೇಶವೂ ಇರಲಿಲ್ಲ. ಕಾರ್ಖಾನೆ ಹೋಗಿ, ಮಾಲಿಕರು ಹೋಗಿ, ಶೀನಪ್ಪಯ್ಯನ ಮೂಳೆಯೂ ಬೂದಿಯಾಗಿ ಯಾವ ಕಾಲವಾಯಿತು. ಭಿನ್ನ ಮೂರ್ತಿ ಊರಿಗೆ ಒಳ್ಳೆಯದಲ್ಲ ಎಂಬ ಒಂದು ನಂಬಿಕೆ ಅವರಿಗಿತ್ತು, ಅದನ್ನು ನಡೆಸುತ್ತಿದ್ದರು. ಗುಲಾಬಿಗೂ ತನ್ನ ನಂಬಿಕೆಯೊಂದಿತ್ತು. ಅವರ ನಂಬಿಕೆಯನ್ನು ಬಾಯಿಬಿಟ್ಟು ಹೇಳಬಹುದಿತ್ತು, ಅವಳದನ್ನು ಹೇಳುವಂತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಅವಳು ಮುಂದೆ ಬಂದಳು. “ಯೋಗೀಶಣ್ಣ, ನಿಮ್ಮ್ ಕಾಲ್ ಹಿಡಿತೆ. ಕೈ ಹಾಂಗೇ ಇರ್ಲಿ.”

“ಅಯ್ಯೋ, ಎಂತಕ್ ಅಕ್ಕ? ನಿಮ್ಗೆ ಚಂದ ಮಾಡುಕೇ ಅಲ್ದಾ ನಾವ್ ಹೇಳುದ್?”

ಎಂತಕೆ ಎಂಬ ಆ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಆಣೆ ಮುರಿಯುತ್ತಿತ್ತು. ಪುಷ್ಪನ ಐದು ತಿಂಗಳು ನೆನಪಾಯಿತು.

“ಸುಮ್ನೆ,” ಎಂದಳು.

ಸುಮ್ಮನೆ ಎಂದವರ ಮಾತನ್ನು ಯಾವ ಸಮಿತಿ ಕೇಳುತ್ತದೆ? ಯೋಗೀಶ ಅವಳ ಭುಜ ತಟ್ಟಿ, ನಾಚಿಕೆ ಮಾಡಿಕೊಳ್ಳಬೇಡಿ ಅಕ್ಕ, ಅನಾವರಣದ ದಿನ ನಿಮಗೊಂದು ಸೀರೆ ಉಂಟು ಎಂದು ಹೇಳಿ ಹೋದ. ಅವರು ಹೋದ ಮೇಲೆ ಗುಲಾಬಿ ಅನೂಪನನ್ನು ನೋಡಿದಳು. ಅವನು ಕೈಗಂಟಿದ ಮಣ್ಣನ್ನು ಉಜ್ಜಿಕೊಳ್ಳುತ್ತ, “ನಾ ಕಾಂತೆ ಅಕ್ಕ. ಏನಾರೂ ಮಾಡ್ತೆ” ಎಂದ. ಅವಳು ಅದನ್ನು ಮಾತು ಕೊಟ್ಟಿದ್ದೆಂದು ತಿಳಿದಳು. ಮರುದಿನದಿಂದ ಶೆಡ್ಡಿಗೆ ಬೀಗ. ಅಚ್ಚು ತೆಗೆಯುವ ಕೆಲಸ, ಯಾರೂ ಬರುವುದು ಬೇಡ ಎಂದು ಅವನೇ ಹೇಳಿ ಕಳಿಸಿದ.

ಆಮೇಲಿನ ಒಂದು ತಿಂಗಳು ಅವಳು ದಿನ ಎಣಿಸಿದಳು. ಪುಷ್ಪ ಸ್ಕ್ಯಾನಿಂಗಿಗೆಂದು ಕುಂದಾಪುರಕ್ಕೆ ಬಂದವಳು ಬಸ್ರೂರಿನಲ್ಲಿ ಎರಡು ದಿನ ಇದ್ದು ಹೋದಳು. ಮುಖ ತುಂಬಿಕೊಂಡಿತ್ತು. ಏನನ್ನೋ ಮುಚ್ಚಿಟ್ಟುಕೊಂಡು ಆಗಾಗ ಒಳಗೊಳಗೇ ನಗುತ್ತಿದ್ದಳು. ಬಸುರಿಯ ಖುಷಿ ಎಂದುಕೊಂಡಳು ಗುಲಾಬಿ.

ನವೆಂಬರ್ ಒಂದರಂದು ಬೆಳಗ್ಗೆ ಹತ್ತಕ್ಕೆ ಅನಾವರಣ. ಹೊಳೆಬದಿಗೆ ಶಾಮಿಯಾನ ಹಾಕಿದ್ದರು. ಕೆಂಪು ಹಳದಿ ಬಾವುಟ, ಶಾಲೆಯ ಮಕ್ಕಳು, ಸ್ಪೀಕರಿನಲ್ಲಿ ಗಂಟಲು ಹರಿಯುವ ಹಾಡು. ಗುಲಾಬಿಗೆ ಎರಡನೆಯ ಸಾಲಿನಲ್ಲಿ ಕುರ್ಚಿ. ಪಕ್ಕದಲ್ಲಿ ಪುಷ್ಪ, ಆರು ತಿಂಗಳ ಹೊಟ್ಟೆಯ ಮೇಲೆ ಸೆರಗು ಹರಡಿಕೊಂಡು. ಡಾಕ್ಟರು, ಮಾಸ್ತರರು, ಭಾಗವತರು, ತಾಂಡೇಲರು ಒಬ್ಬೊಬ್ಬರಾಗಿ ಬಟ್ಟೆ ಕಳಚಿಕೊಂಡು ಹೊರಗೆ ಬಂದರು. ಪ್ರತಿಯೊಬ್ಬರಿಗೂ ಒಂದು ಭಾಷಣ, ಒಂದು ಹಾರ, ಒಂದು ತೆಂಗಿನಕಾಯಿ. ಹಂಚಿನ ಹೆಂಗಸಿನ ಹೊತ್ತಿಗೆ ಭಾಷಣ ಮಾಡುವವರೂ ಸುಸ್ತಾಗಿದ್ದರು. ಯೋಗೀಶ ಬಟ್ಟೆ ಎಳೆದ.

ಮುಖ ಅವಳದೇ. ಸೊಂಟದ ಬಾಗು ಅವಳದೇ. ಯಂತ್ರದ ಅಚ್ಚಿನ ಮೇಲೆ ಚಾಚಿದ ಬಲಗೈಯಲ್ಲಿ ಐದು ಬೆರಳಿದ್ದವು.

ಐದೂ ನೀಳವಾದ, ಗಂಟಿಲ್ಲದ, ಎಳೆಯ ಬೆರಳು. ಅರವತ್ತರ ಮುಖಕ್ಕೆ ಮೂವತ್ತರ ಕೈ. ಜನ ಚಪ್ಪಾಳೆ ತಟ್ಟಿದರು. ಭಟ್ಟರು ಆ ಬೆರಳುಗಳಿಗೆ ಒಂದೊಂದಾಗಿ ಕುಂಕುಮ ಇಟ್ಟರು. ಗುಲಾಬಿ ಕುರ್ಚಿಯಿಂದ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಸುಳ್ಳು ಅಳಿಯಲಿಲ್ಲ. ಇಷ್ಟು ದಿನ ಬರೀ ಮಾತಾಗಿದ್ದದ್ದು ಈಗ ಸಿಮೆಂಟಾಗಿ ನಿಂತಿತ್ತು. ಕಾರ್ಖಾನೆಯ ಯಂತ್ರ ಈ ಹೆಂಗಸಿನ ಒಂದು ಉಗುರನ್ನೂ ಮುಟ್ಟಲಿಲ್ಲ ಎಂದು ಇಡೀ ಪೇಟೆಗೆ ಸಾರುತ್ತಿತ್ತು. ಅವಳು ಹತ್ತಿರ ಹೋದಳು. ಆ ಕೈಯ ಒಂದೊಂದು ಬೆರಳನ್ನೂ ನೋಡಿದಳು. ಈ ಕೈಗೆ ಅವಳು ಎಣ್ಣೆ ಹಚ್ಚಿ ಮೀಯಿಸಿದ್ದಳು, ಬಳೆ ತೊಡಿಸಿದ್ದಳು, ಧಾರೆ ಎರೆದು ಕೊಟ್ಟಿದ್ದಳು.

“ಗುರ್ತ ಸಿಕ್ತಾ ಅಮ್ಮ?” ಪುಷ್ಪ ಹಿಂದಿನಿಂದ ಬಂದು ನಗುತ್ತ ನಿಂತಳು. “ನನ್ ಕೈ! ಸ್ಕ್ಯಾನಿಂಗಿಗ್ ಬಂದ ದಿನ ನಿನ್ ಮೂರ್ತಿ ಕಾಂಬ ಅಂದ್ ಶೆಡ್ಡಿಗ್ ಹೋಯಿದ್ದೆ. ಅನೂಪಣ್ಣ ತಲಿ ಮೇಲ್ ಕೈ ಹೊತ್ಕಂಡ್ ಕೂತಿದ್ರ್. ಬೆರ್ಳ್ ಮಾಡ್ದೆ ಇದ್ರೆ ಮೂರ್ತಿಯೇ ಬ್ಯಾಡ ಅಂದ್ರಂಬ್ರ್ ಸಮಿತಿಯವ್ರ್. ಬೆರ್ಳ್ ಕಂಡ್ ಮಾಡುಕೆ ನಿನ್ನತ್ರ ಬಂದ್ ಎಡಗೈ ಕೇಂಬುಕೆ ಅನೂಪಣ್ಣಂಗ್ ಮುಖ ಇಲ್ಲ ಅಂದ್ರ್. ನಾನೇ ಹೇಳ್ದೆ, ನನ್ ಕೈ ಅಮ್ಮಂದೇ ಅಚ್ಚ್, ತಕಣಿ ಅಂದ್. ಅರ್ಧ ಗಂಟಿ ಗಾರಿಲಿ ಕೈ ಇಟ್ಕಂಡ್ ಕೂತಿದ್ದೆ ಗೊತ್ತಿತ್ತಾ? ನಿಂಗೂ ಒಂದ್ ಸಲ ಐದ್ ಬೆರ್ಳ್ ಆಯ್ಲಿ ಅಂತ.”

ಅನೂಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ಗುಲಾಬಿ ನೋಡಿದ ಕೂಡಲೇ ಅವನು ನೆಲ ನೋಡಿದ.

ಮಗಳನ್ನು ಯಾವುದರಿಂದ ದೂರ ಇಡಬೇಕೆಂದು ಅವಳು ಮೂವತ್ತೆರಡು ವರ್ಷ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿದ್ದಳೋ, ಆ ಸುಳ್ಳಿಗೆ ಮಗಳು ನಗುತ್ತ ಹೋಗಿ ತನ್ನ ಕೈ ಸೇರಿಸಿ ಬಂದಿದ್ದಳು. ಈಗ ಆಣೆಯಲ್ಲಿ ಇಬ್ಬರಾದರು. ಗುಲಾಬಿಗೆ ದಿಕ್ಕು ತೋಚಲಿಲ್ಲ. ಆ ಕೈಯನ್ನು ತೆಗೆಸಬೇಕು, ಇವತ್ತೇ ತೆಗೆಸಬೇಕು, ತೆಗೆಸಬೇಕೆಂದರೆ ಯಾಕೆಂದು ಹೇಳಬೇಕು. ಇನ್ನು ಸುಮ್ಮನೆ ಎಂದರೆ ಆಗದು. ಅವಳು ಪುಷ್ಪನನ್ನು ತಾಂಡೇಲರ ಮೂರ್ತಿಯ ಹಿಂದೆ, ಹೊಳೆಯ ಕಡೆಗೆ ಎಳೆದುಕೊಂಡು ಹೋದಳು.

“ನನ್ ಬೆರ್ಳ್ ಸೌದಿ ಕಡುವತ್ತಿಗ್ ಹೋದ್ದಲ್ಲ, ಪುಷ್ಪ.”

ಒಮ್ಮೆ ಬಾಯಿ ಬಿಟ್ಟ ಮೇಲೆ ಯಾವುದೂ ನಿಲ್ಲಲಿಲ್ಲ. ಯಂತ್ರ, ಆಸ್ಪತ್ರೆ, ಕಿತ್ತಳೆ ಹಣ್ಣು, ಶೀನಪ್ಪಯ್ಯ, ಒದ್ದೆ ಬಟ್ಟೆ, ಹಾಯ್ಗುಳಿ ಕಟ್ಟೆ. ಸುಬ್ಬನ ಜ್ವರ. ಪುಷ್ಪನ ಹೊಟ್ಟೆ ಎರಡು ಸಲ ಹೋದಾಗ ತಾನು ಒಬ್ಬಳೇ ಕೂತು ಅತ್ತದ್ದು ಯಾಕೆಂಬುದು. ಈಗ ಅನೂಪನಿಗೆ ಹೇಳಿ ಆ ಕೈ ಕಡಿಸಿ ಹಾಕೋಣ, ನೀನೇ ಕೇಳು, ನಿನ್ನ ಕೈಯೆಂದು ನೀನು ಕೇಳಿದರೆ ಅವರು ಇಲ್ಲವೆನ್ನಲಾರರು ಎಂಬುದು. ಸ್ಪೀಕರಿನಲ್ಲಿ ಯಾರೋ ನಾಡಿನ ಹಿರಿಮೆ ಹೇಳುತ್ತಿದ್ದರು.

ಪುಷ್ಪ ಬಿ.ಕಾಂ. ಓದಿದವಳು. ಇದೆಲ್ಲ ಮೂಢನಂಬಿಕೆ ಎಂದು ನಕ್ಕುಬಿಡುತ್ತಾಳೇನೋ ಎಂದು ಗುಲಾಬಿ ಒಂದು ಗಳಿಗೆ ಆಸೆಪಟ್ಟಳು. ಎರಡು ಸಲ ಹೊಟ್ಟೆ ಕಳೆದುಕೊಂಡವಳಿಗೆ ಬಿ.ಕಾಂ. ಎಷ್ಟರ ಮಟ್ಟಿಗೆ ಸಹಾಯಕ್ಕೆ ಬಂದೀತು. ಪುಷ್ಪ ನಗಲಿಲ್ಲ.

“ಆಣಿ ಹಾಕುವತ್ತಿಗೆ ಯಾರ್ ತಲಿ ಮೇಲ್ ಕೈ ಇಟ್ಟದ್ದ್?” ಎಂದು ಕೇಳಿದಳು.

“ಸುಬ್ಬನ್ ತಲಿ ಮೇಲೆ.”

“ಅಣ್ಣಂದ್ ಮಾತ್ರ ಅಲ್ದಾ? ನಾ ಹುಟ್ಟಿರ್ಲಿಲ್ಲ ಅಲ್ದಾ ಅಮ್ಮ ಆಗ? ನಂಗದ್ ತಾಗ್ತಿಲ್ಲೆ ಅಲ್ದಾ?”

ಅವಳ ದನಿಯಲ್ಲಿ ಇದ್ದದ್ದು ಬೇಡಿಕೆ. ಇನ್ನೊಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಹೌದು ಮಗಳೇ, ನೀನು ಹುಟ್ಟಿರಲಿಲ್ಲ, ನಿನಗೇನೂ ಇಲ್ಲ ಎಂದಿದ್ದರೆ ಆ ಹೆಣ್ಣು ಅಷ್ಟಕ್ಕೇ ಉಸಿರು ಬಿಡುತ್ತಿದ್ದಳು. ಆದರೆ ಒಂದು ಸುಳ್ಳಿನಿಂದ ಇಷ್ಟೆಲ್ಲ ಕಳೆದುಕೊಂಡವಳಿಗೆ ಎರಡನೆಯದನ್ನು ಹೇಳುವ ಧೈರ್ಯ ಬರಲಿಲ್ಲ.

“ಹೊಟ್ಟೆಂಗಿದ್ದೆ ನೀನ್,” ಎಂದಳು ಗುಲಾಬಿ. “ಅದೂ ಮಗುವೇ, ಅದ್ರ್ ಮೇಲೂ ಕೈ ಇಡ್ ಅಂದ ಶೀನಪ್ಪಯ್ಯ. ಎಡಗೈ ಸುಬ್ಬನ್ ತಲಿ ಮೇಲಿತ್ತ್. ಬಟ್ಟಿ ಸುತ್ತಿದ್ ಕೈನ ಹೊಟ್ಟಿ ಮೇಲ್ ಇಡ್ಸ್‌ದ.”

ಪುಷ್ಪನ ಎರಡೂ ಕೈ ತನ್ನ ಹೊಟ್ಟೆಗೆ ಹೋದವು. ಹೋದ ಕೂಡಲೇ ಅವಳು ಬಲಗೈಯನ್ನು ಅಲ್ಲಿಂದ ತೆಗೆದು ದೂರ ಹಿಡಿದುಕೊಂಡಳು, ಎಲ್ಲಿ ಇಡುವುದೆಂದು ತಿಳಿಯದವಳಂತೆ. ಗುಲಾಬಿ ಅವಳನ್ನು ಹಿಡಿದುಕೊಳ್ಳಲು ಮುಂದೆ ಬಂದಳು. ಪುಷ್ಪ ಎರಡು ಹೆಜ್ಜೆ ಹಿಂದೆ ಸರಿದಳು.

“ಮುಟ್ಬ್ಯಾಡ ಅಮ್ಮ,” ಎಂದಳು. “ದಮ್ಮಯ್ಯ, ನನ್ ಮುಟ್ಬ್ಯಾಡ.”

ವೇದಿಕೆಯಿಂದ ಹಂಚಿನ ಹೆಂಗಸಿಗೆ ರೂಪದರ್ಶಿಯಾದ ಗುಲಾಬಿಯವರು ಸೀರೆ ಸ್ವೀಕರಿಸಲು ಮುಂದೆ ಬರಬೇಕು ಎಂದು ಕರೆದರು. ಎರಡು ಸಲ ಕರೆದರು. ಅಷ್ಟರಲ್ಲಿ ಪುಷ್ಪ ಬೇಲಿಯ ಬಾಗಿಲು ದಾಟಿ ಹೆದ್ದಾರಿಗೆ ಹೋಗಿದ್ದಳು. ಗಂಡನ ಊರಿನ ಕಡೆ ಹೋಗುವ ಬೈಂದೂರಿನ ಬಸ್ಸು ಬಂತು, ಅವಳು ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು, ತಿರುಗಿ ನೋಡಲಿಲ್ಲ.